ಕಡು ನೀಲಿ ಬಲೆನೊಗೆ ಮನೆಯಲ್ಲೇ ಪಾಲಿಶ್: ಮೆಷಿನ್ ಕೊನೆಗೆ, ಬಟ್ಟೆ ಮೊದಲು

ಹಳೇ ಕಾರಿಗೆ ಮನೆಯಲ್ಲೇ ಪಾಲಿಶ್ ಮಾಡುವ ಈ ಕೆಲಸಕ್ಕೆ ಇಲ್ಲಿಯವರೆಗೆ ಹಾಕಿದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿರುವುದು ಒರೆಸುವ ಬಟ್ಟೆ, ಬಕೆಟ್, ಲೈಟಿಗೆ. ಪಾಲಿಶ್ ಮೆಷಿನ್ ತಗೊಂಡಿದ್ದು ಎಲ್ಲಕ್ಕಿಂತ ಕೊನೆಗೆ. ಹೊಸದಾಗಿ ಶುರು ಮಾಡುವವರು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡ್ತಾರೆ, ಅದಕ್ಕೇ ಒಂದೊಂದು ಸಾಮಾನು ಯಾಕೆ ಆರಿಸಿಕೊಂಡೆ ಅಂತ ಬರೆದಿಡುತ್ತಿದ್ದೇನೆ.

ಜನವರಿ

ಗಾಡಿ 2016ರ ಮಾರುತಿ ಬಲೆನೊ, ಅಣ್ಣನಿಂದ ನನ್ನ ಕೈಗೆ ಬಂದಿದ್ದು. ಕಡು ನೀಲಿ ಬಣ್ಣ. ನೆರಳಲ್ಲಿ ನೋಡಿದರೆ ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬಾ ಸುತ್ತು ಸುತ್ತಾದ ಸಣ್ಣ ಗೀರು, ಮೇಲೆ ಬೋರ್ ನೀರಿನ ಬಿಳಿ ಕಲೆ. ಬಿಳಿ ಕಾರಿಗೂ ಇಷ್ಟೇ ಗೀರು ಇರುತ್ತದೆ, ಕಣ್ಣಿಗೆ ಕಾಣಲ್ಲ ಅಷ್ಟೇ.

ಗೀರು ಬರೋದು ಎಲ್ಲಿಂದ? ಬಹುಪಾಲು ಒರೆಸುವುದರಿಂದಲೇ. ಒಣ ಧೂಳು ಅಂದರೆ ಅದರಲ್ಲಿ ಸಣ್ಣ ಮರಳು ಇದ್ದೇ ಇರುತ್ತದೆ. ಒಂದೇ ಬಕೆಟ್ ನೀರಲ್ಲಿ, ಒಂದೇ ಬಟ್ಟೆಯಲ್ಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಅಷ್ಟೂ ಕಾರು ಒರೆಸಿದರೆ ಆ ಮರಳೆಲ್ಲ ಮುಂದಿನ ಕಾರಿಗೆ ಹೋಗುತ್ತದೆ. ಸಂಬಳಕ್ಕೆ ಕಾರು ಒರೆಸುವವರ ತಪ್ಪು ಅನ್ನೋದು ಸರಿಯಲ್ಲ, ಅವರಿಗೆ ಒಂದು ಕಾರಿಗೆ ಸಿಗುವುದೇ ಐದು ನಿಮಿಷ. ನಾನು ಸಂಬಳ ಹಾಗೇ ಇಟ್ಟು, ಗಾಜು ಮತ್ತು ಚಕ್ರ ಮಾತ್ರ ಒರೆಸಿ ಸಾಕು ಅಂದಿದ್ದೇನೆ.

ಪಾಲಿಶ್ ಅಂದರೆ ಏನು ಅನ್ನೋದು ಮೊದಲು ತಲೆಯಲ್ಲಿ ಕೂರಬೇಕು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸುಮಾರು 100 ಮೈಕ್ರಾನ್, ಅಂದರೆ ಜೆರಾಕ್ಸ್ ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50 ಮೈಕ್ರಾನ್. ಗೀರು ಹೋಗುವುದು ಅಂದರೆ ಗೀರು ತುಂಬಿಕೊಳ್ಳುವುದಲ್ಲ, ಅದರ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಸಮ ಮಾಡುವುದು. ಸವೆದಿದ್ದು ವಾಪಸ್ ಬರಲ್ಲ. ಬಿಸಿಲಿನಿಂದ ಬಣ್ಣ ಕಾಯುವುದೂ ಅದೇ ಪದರ. ಅದು ಮುಗಿದರೆ ಮತ್ತೆ ಪೇಂಟ್ ಮಾಡಿಸುವುದೇ ಗತಿ.

ಹಾಗಾಗಿ ಸರ್ವೀಸಿಗೆ ಹೋದಾಗಲೆಲ್ಲ "ರಬ್ಬಿಂಗ್ ಪಾಲಿಶ್ ಮಾಡಿಸಿಬಿಡಿ" ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದು ಸಲ ಸರಿಯಾಗಿ ಮಾಡಿ, ಆಮೇಲೆ ಗೀರು ಬೀಳದ ಹಾಗೆ ತೊಳೆಯುವುದೇ ಉಳಿಯುವ ದಾರಿ. ಅದಕ್ಕೇ ತೊಳೆಯುವ ಸಾಮಾನು ಮೊದಲು.

ಫೆಬ್ರವರಿ: ತೊಳೆಯೋದು

ಯೂಟ್ಯೂಬಲ್ಲಿ ನೋಡಿದರೆ ಎಲ್ಲರೂ ಪ್ರೆಶರ್ ವಾಷರ್, ಫೋಮ್ ಗನ್ ಅಂತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಇರುವವರು ಅದಕ್ಕೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚನೆ ಮಾಡಿ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು, ದಂಡ 5,000 ರೂಪಾಯಿ. 2025ರ ಬೇಸಿಗೆಗೆ ಮುಂಚೆಯೂ ಮತ್ತೆ ಅದೇ ಆದೇಶ ಬಂತು. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರಲ್ಲಿ ತೊಳೆಯಬಹುದಲ್ವಾ ಅಂತ ಅಸೋಸಿಯೇಷನ್‌ನವರೇ ಹೇಳಿದರು. ಕೊಳೆ ತೆಗೆದರೂ ಕರಗಿದ ಉಪ್ಪು ಆ ನೀರಲ್ಲಿ ಹಾಗೇ ಉಳಿದಿರುತ್ತದೆ, ಕಡು ನೀಲಿ ಬಣ್ಣದ ಮೇಲೆ ಅದು ಒಣಗಿದರೆ ಬೋರ್ ನೀರಿನ ಕಲೆಯ ಕಥೆಯೇ ಮತ್ತೆ.

ಅದಕ್ಕೆ ನಾನು ಹಿಡಿದ ದಾರಿ, ಮೇಲೆ ನೀರು ಹಾಯಿಸದೆ ತೊಳೆಯುವ ರಿನ್ಸ್‌ಲೆಸ್ ವಾಷ್. ಆಪ್ಟಿಮಮ್ ಕಂಪನಿಯ ಒಎನ್ಆರ್ (ಆಪ್ಟಿಮಮ್ ನೋ ರಿನ್ಸ್) ದ್ರಾವಣ ಇದರಲ್ಲಿ ಹಳೆಯ ಹೆಸರು, ಈಗ ಬೇರೆಯವರದ್ದೂ ಸಿಗುತ್ತವೆ. ಒಎನ್ಆರ್ ಆದರೆ 1:256 ಅಳತೆ, 10 ಲೀಟರ್ ನೀರಿಗೆ ಸುಮಾರು 40 ಎಂಎಲ್. ನೊರೆ ಬರಲ್ಲ, ಬರಬೇಕಾಗಿಯೂ ಇಲ್ಲ. ಅದರಲ್ಲಿರುವ ಪಾಲಿಮರ್ ಧೂಳಿನ ಕಣವನ್ನು ಸುತ್ತಿಕೊಂಡು ಪೇಂಟಿಗೆ ನೇರವಾಗಿ ಉಜ್ಜದ ಹಾಗೆ ನೋಡಿಕೊಳ್ಳುತ್ತದೆ. ತೊಳೆದ ಮೇಲೆ ನೀರು ಹಾಯಿಸುವ ಕೆಲಸ ಇಲ್ಲ, ಒರೆಸಿ ಒಣಗಿಸಿದರೆ ಮುಗಿಯಿತು. ಇಡೀ ಬಲೆನೊ ಒಂದು ಬಕೆಟ್ಟಲ್ಲಿ ಆಗುತ್ತದೆ.

ಗಿಡಕ್ಕೆ ಔಷಧಿ ಹೊಡೆಯುವ 2 ಲೀಟರಿನ ಹ್ಯಾಂಡ್ ಪಂಪ್ ಸ್ಪ್ರೇಯರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದೇ ಸಾಕು. ಅದರಲ್ಲಿ ಅದೇ ದ್ರಾವಣ ತುಂಬಿ ಒಂದು ಪ್ಯಾನೆಲ್ಲಿಗೆ ಧಾರಾಳವಾಗಿ ಹೊಡೆದು ಒಂದು ನಿಮಿಷ ಬಿಡುತ್ತೇನೆ. ಬಕೆಟ್ಟಲ್ಲಿ ಏಳೆಂಟು ಮೈಕ್ರೋಫೈಬರ್ ಬಟ್ಟೆ ನೆನೆದಿರುತ್ತವೆ. ಒಂದನ್ನು ತೆಗೆದು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖದಲ್ಲಿ ಒಂದೇ ದಿಕ್ಕಿಗೆ ಒಂದು ಎಳೆತ, ಒತ್ತದೆ, ಆಮೇಲೆ ಮುಖ ತಿರುಗಿಸಬೇಕು. ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಕೂಡದು, ಪಕ್ಕದ ಚೀಲಕ್ಕೆ. ಇಷ್ಟು ಪಾಲಿಸಿದರೆ ಹೊಸ ಗೀರು ತುಂಬಾ ಕಮ್ಮಿ. ಮಳೆಗಾಲದಲ್ಲಿ ಹಳ್ಳಿ ಕಡೆ ಹೋಗಿ ಕೆಸರು ಮೆತ್ತಿಕೊಂಡು ಬಂದ ಗಾಡಿಗೆ ಮಾತ್ರ ಇದು ಬೇಡ, ಅದಕ್ಕೆ ನೀರು ಹೊಡೆಯುವ ವಾಷಿಂಗ್ ಸೆಂಟರೇ ಸರಿ.

ಬಟ್ಟೆ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕೆಂದರೆ ಗೀರು ಬೀಳೋದೂ ಬೀಳದೇ ಇರೋದೂ ಇಲ್ಲೇ. ತೊಳೆಯಲು ಮತ್ತು ಪಾಲಿಶ್ ಒರೆಸಲು 350 ಜಿಎಸ್ಎಂ (ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಸುತ್ತಮುತ್ತ, ಅಂಚಿಗೆ ಹೊಲಿಗೆ ಇಲ್ಲದ್ದು. ದಾರದ ಹೊಲಿಗೆಯೇ ಗೀರು ಮಾಡುತ್ತದೆ, ಲೇಬಲ್ ಇದ್ದರೆ ಮೊದಲು ಕಿತ್ತು ಹಾಕಿ. ಒಣಗಿಸಲು 1,000 ಜಿಎಸ್ಎಂ ಮೇಲ್ಪಟ್ಟ ದಪ್ಪ ಟವೆಲ್ ಒಂದು ದೊಡ್ಡದು. ಪಾಲಿಯೆಸ್ಟರ್ 80, ಪಾಲಿಅಮೈಡ್ 20 ಸಾಮಾನ್ಯವಾಗಿ ಸಿಗುವುದು, 70/30 ಇನ್ನೂ ಚೆನ್ನಾಗಿ ನೀರು ಹೀರುತ್ತದೆ ಆದರೆ ಬೆಲೆ ಜಾಸ್ತಿ, ತೊಳೆಯೋಕೆ ಅದು ಬೇಕಾಗಿಲ್ಲ. ಬನಿಯನ್ ಬಟ್ಟೆ, ಹಳೇ ಪಂಚೆ ಚಕ್ರಕ್ಕೆ ಮಾತ್ರ. ಮನೆ ಬಟ್ಟೆ ಜೊತೆ ಮೈಕ್ರೋಫೈಬರ್ ಒಗೆಯಬಾರದು, ಹತ್ತಿಯ ನೂಲೆಲ್ಲ ಅದಕ್ಕೆ ಅಂಟುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಅಂತೂ ಬೇಡವೇ ಬೇಡ, ನೀರು ಹೀರುವ ಗುಣವೇ ಹೋಗುತ್ತದೆ.

ಬಿಳಿ ಕಲೆಗೆ ಮನೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಪ್ಯಾನೆಲ್ ಮೇಲೆ ಬಟ್ಟೆಯಲ್ಲಿ ಅದ್ದಿ ಇಟ್ಟು ಒರೆಸಿ ತೊಳೆದೆ. ಮೇಲೆ ಕೂತಿದ್ದ ಸುಣ್ಣ ಹೋಯಿತು. ಕ್ಲಿಯರ್ ಕೋಟಿಗೆ ಇಳಿದಿದ್ದು ಉಂಗುರದ ಹಾಗೆ ಉಳಿಯಿತು, ಅದಕ್ಕೆ ಪಾಲಿಶೇ ಬೇಕು.

ಮಾರ್ಚ್: ಕ್ಲೇ, ಲೈಟ್, ಅಳತೆ

ತೊಳೆದು ಒಣಗಿಸಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ನಿಧಾನಕ್ಕೆ ಸವರಿ ನೋಡಿ. ಬರೀ ಕೈಗೆ ನುಣುಪು ಅನ್ನಿಸಿದ ಜಾಗ ಕವರ್ ಒಳಗಿಂದ ರವೆ ಚೆಲ್ಲಿದಂತೆ ಚುರುಚುರು ಅನ್ನುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಡಾಂಬರು, ಪಕ್ಕದ ಸೈಟಿನ ಸಿಮೆಂಟು, ಮರದ ಅಂಟು, ಎಲ್ಲ ಅಲ್ಲೇ ಕೂತಿರುತ್ತದೆ. ಇದರ ಮೇಲೆ ಮೆಷಿನ್ ಓಡಿಸಿದರೆ ಆ ಪುಡಿಯನ್ನೇ ಪೇಂಟಿಗೆ ತಿಕ್ಕಿದ ಹಾಗೆ.

ಮೊದಲು ಐರನ್ ರಿಮೂವರ್. ಹೊಡೆದ ಎರಡು ಮೂರು ನಿಮಿಷಕ್ಕೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣದ ಗೆರೆ ಇಳಿಯುತ್ತದೆ, ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಜಾಸ್ತಿ ಇತ್ತು. ಕೊಳೆತ ಮೊಟ್ಟೆ ವಾಸನೆ, ಬೇಸ್‌ಮೆಂಟಲ್ಲಿ ಮಾಡಬೇಡಿ, ಒಣಗೋಕೂ ಬಿಡಬೇಡಿ. ಆಮೇಲೆ ಕ್ಲೇ ಬಾರ್, ಅಂದರೆ ಅಂಟಿದ ಪುಡಿಯನ್ನು ಎಳೆದು ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆ ತುಂಡು, ಮೈಲ್ಡ್ ಗ್ರೇಡ್. ಅದೇ ರಿನ್ಸ್‌ಲೆಸ್ ದ್ರಾವಣವನ್ನು ಸ್ವಲ್ಪ ಗಟ್ಟಿಯಾಗಿ ಬೆರೆಸಿ ಜಾರಲು ಹೊಡೆಯುತ್ತಾ, ಕ್ಲೇ ತುಂಡನ್ನು ಬೆರಳ ತುದಿಯಲ್ಲಿ ಸುಮ್ನೆ ಆಡಿಸಿದರೆ ಸಾಕು. ಮೊದಲು ತಡೆದು ತಡೆದು ಹೋಗುತ್ತದೆ, ಸದ್ದೂ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಸರಾಗ ಜಾರುತ್ತದೆ, ಆಗ ಆ ಜಾಗ ಮುಗಿಯಿತು. ತುಂಡು ತಿರುಗಿಸಿ ನೋಡಿದರೆ ಕಂದು ಬಣ್ಣ, ಮಡಚಿ ಹೊಸ ಮುಖ ತೆಗೆದುಕೊಳ್ಳಬೇಕು. ನೆಲಕ್ಕೆ ಬಿದ್ದರೆ ಎಸೆಯಬೇಕು, ಅದಕ್ಕೇ ದೊಡ್ಡ ಬಾರನ್ನು ಮೂರ್ನಾಲ್ಕು ತುಂಡು ಮಾಡಿಕೊಳ್ಳುವುದು ಒಳ್ಳೆಯದು.

ಲೈಟ್: ಟ್ಯೂಬ್‌ಲೈಟ್ ಬೆಳಕಲ್ಲಿ ಗೀರು ಅಡಗಿಕೊಳ್ಳುತ್ತದೆ. ಒಂದೇ ಬಿಂದುವಿನಿಂದ ಬರುವ ಬಲವಾದ ಎಲ್ಇಡಿ ಟಾರ್ಚ್ ಬೇಕು. ಇನ್‌ಸ್ಪೆಕ್ಷನ್ ಲೈಟ್ ಅಂತ ದುಬಾರಿಯದ್ದು ಬೇಕಾಗಿಲ್ಲ, ಚಾರ್ಜ್ ಆಗುವ ಒಳ್ಳೆ ಟಾರ್ಚ್ ಆಯಿತು.

ಪೇಂಟ್ ದಪ್ಪ ಅಳೆಯುವ ಗೇಜ್ ಗೆಳೆಯನ ಹತ್ತಿರ ತಂದೆ. ಎಲ್ಲರೂ ಕೊಳ್ಳಬೇಕಿಲ್ಲ, ಆದರೆ ಹಳೇ ಗಾಡಿಗೆ ಒಂದು ಸಲ ಹಿಡಿದು ನೋಡಲೇಬೇಕು. ಬಾನೆಟ್, ಟಾಪ್, ಬಾಗಿಲು ಎಲ್ಲ 95ರಿಂದ 110 ಮೈಕ್ರಾನ್ ತೋರಿಸಿದವು. ಹಿಂದಿನ ಎಡ ಬಾಗಿಲು ಮಾತ್ರ 240. ಅಲ್ಲಿ ಮರು ಪೇಂಟ್ ಆಗಿದೆ. ಅಣ್ಣನಿಗೆ ಫೋನ್ ಮಾಡಿದೆ, "ಹೌದು ಕಣೋ, ಗೇಟಿಗೆ ತಾಗಿತ್ತು, ಆಗಲೇ ಮಾಡಿಸಿದ್ದೆ" ಅಂದ. ಮರು ಪೇಂಟ್ ಆದ ಪ್ಯಾನೆಲ್ ಕೆಲವು ಸಲ ಮೆತ್ತಗಿರುತ್ತದೆ, ಹಾಗಾಗಿ ಅದಕ್ಕೆ ಬೇರೆಯದೇ ಟೆಸ್ಟ್ ಮಾಡಬೇಕು. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ಓದುವುದಿಲ್ಲ, ಕೆಳಗೆ ಲೋಹ ಇದ್ದರೆ ಮಾತ್ರ.

ಏಪ್ರಿಲ್: ಕೊನೆಗೂ ಮೆಷಿನ್

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಗಳಲ್ಲಿ ಕೇಳಿದಾಗ ಅಂಗಡಿಯವರು ಮೊದಲು ತೋರಿಸಿದ್ದು ರೋಟರಿ. "ಸಾರ್, ಗ್ಯಾರೇಜಿನವರೆಲ್ಲ ಇದನ್ನೇ ತಗೊಂಡು ಹೋಗೋದು, ಬೇಗ ಕೆಲಸ ಆಗುತ್ತೆ." ಅವರು ಹೇಳಿದ್ದು ನಿಜ. ರೋಟರಿಯಲ್ಲಿ ಪಾಲಿಶ್ ಉಜ್ಜುವ ಪ್ಯಾಡ್ ಒಂದೇ ಅಚ್ಚಿನ ಮೇಲೆ ಸುತ್ತುತ್ತದೆ, ಚೆನ್ನಾಗಿ ಸವೆಸುತ್ತದೆ. ಆದರೆ ಒಂದೇ ಕಡೆ ನಿಂತರೆ ಬಿಸಿ ಏರಿ ಕ್ಲಿಯರ್ ಕೋಟ್ ಸುಟ್ಟು ಹೋಗುತ್ತದೆ, ಅಂಚಿನಲ್ಲಂತೂ ಕಣ್ಣು ಮಿಟುಕಿಸುವಷ್ಟರಲ್ಲಿ. ಕೈ ಪಳಗಿದವರಿಗೆ ಸರಿ.

ಹೊಸಬರಿಗೆ ಡಿಎ, ಅಂದರೆ ಡ್ಯುಯಲ್ ಆ್ಯಕ್ಷನ್. ಪ್ಯಾಡ್ ಸುತ್ತುವುದರ ಜೊತೆಗೆ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಜಾಸ್ತಿ ಒತ್ತಿದರೆ, ಓರೆ ಹಿಡಿದರೆ ಸುತ್ತುವುದನ್ನೇ ನಿಲ್ಲಿಸುತ್ತದೆ, ಅದೇ ನಮಗೆ ರಕ್ಷಣೆ. ಪ್ಯಾಡ್ ಕೂರುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಲ್ಲಿ ಒಂದು ಗೆರೆ ಎಳೆದುಕೊಳ್ಳಿ, ಸುತ್ತುತ್ತಿದೆಯಾ ನಿಂತಿದೆಯಾ ಅಂತ ಕೆಲಸ ಮಾಡುತ್ತಲೇ ಕಾಣುತ್ತದೆ. ಓಲಾಟದ ಅಳತೆ 8, 15, 21 ಎಂಎಂ ಅಂತ ಸಿಗುತ್ತದೆ. 21 ಎಂಎಂ ಅಗಲ ಬಾನೆಟ್ ಇರುವ ಎಸ್‌ಯುವಿಗೆ ಚೆನ್ನ. ಬಲೆನೊದ ಬಾಗಿಲಲ್ಲಿ ಮಡಿಕೆ ಜಾಸ್ತಿ, ಬಂಪರ್ ಪೂರಾ ತಿರುವು, ಅಲ್ಲಿ ದೊಡ್ಡ ಓಲಾಟದ ಮೆಷಿನ್ ಪದೇ ಪದೇ ನಿಲ್ಲುತ್ತದೆ. ನಾನು 15 ಎಂಎಂ, 5 ಇಂಚಿನ ಪ್ಲೇಟ್ ಇರುವುದನ್ನು ತಗೊಂಡೆ. ಇಟಲಿಯ ರೂಪೆಸ್ ಕೈಗೆಟುಕಲಿಲ್ಲ, ಬೇರೆ ಕಂಪನಿಯದ್ದು. ವೈರ್ ಇರುವುದೇ ಇರಲಿ, ಬ್ಯಾಟರಿ ಮೆಷಿನ್ ಒಂದು ಪ್ಯಾನೆಲ್ ಮುಗಿಯುವಷ್ಟರಲ್ಲಿ ಚಾರ್ಜ್ ಕೇಳಿದರೆ ಕೆಲಸದ ಲಯವೇ ಹೋಗುತ್ತದೆ. 900 ವ್ಯಾಟ್ ಅಂದರೆ 4 ಆಂಪ್ ಅಷ್ಟೇ, ಬೇಸ್‌ಮೆಂಟಿನ ಮಾಮೂಲಿ ಸಾಕೆಟ್ ತಡೆಯುತ್ತದೆ. ಅಸೋಸಿಯೇಷನ್‌ಗೆ ಒಂದು ಮಾತು ಹೇಳಿ, ಕರೆಂಟಿನ ದುಡ್ಡು ಕೊಟ್ಟೆ.

ಪ್ಯಾಡಿನ ವಿಷಯದಲ್ಲಿ ಜಿಪುಣತನ ಬೇಡ. ಮಧ್ಯಮ ಫೋಮ್ ನಾಲ್ಕು, ಫಿನಿಶಿಂಗ್ ಎರಡು. ಒಂದೇ ಪ್ಯಾಡಲ್ಲಿ ಇಡೀ ಕಾರು ಮಾಡಿದರೆ ಅದು ಬಿಸಿಯಾಗಿ, ಪಾಲಿಶ್ ತುಂಬಿಕೊಂಡು ಸವೆಸುವುದನ್ನೇ ಬಿಡುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಒಬ್ಬರ ಕಿತ್ತಳೆ ಇನ್ನೊಬ್ಬರ ಹಳದಿ, ಕಂಪನಿಯ ಪಟ್ಟಿ ಓದಿ.

ಟೆಸ್ಟ್ ಮಾಡಿದ್ದು ಡಿಕ್ಕಿ ಬಾಗಿಲ ಮೇಲೆ, ಒಂದೂವರೆ ಅಡಿ ಚೌಕ. ಸುತ್ತಲಿನ ಕಪ್ಪು ಪ್ಲಾಸ್ಟಿಕ್, ಬೀಡಿಂಗ್‌ಗೆ ಮಾಸ್ಕಿಂಗ್ ಟೇಪ್, ಇಲ್ಲದಿದ್ದರೆ ಬಿಳಿ ಕಲೆ ಅಂಟಿಕೊಂಡು ಕೂರುತ್ತದೆ. ಮೊದಲು ಎಲ್ಲಕ್ಕಿಂತ ಮೃದುವಾದ ಜೋಡಿ: ಫಿನಿಶಿಂಗ್ ಪ್ಯಾಡ್, ಮೆಗ್ವಯರ್ಸ್ ಕಂಪನಿಯ ಎಂ205 ಪಾಲಿಶ್. ಹೊಳಪು ಬಂತು, ಗೀರು ಹಾಗೇ ಇತ್ತು. ಅದೇ ಎಂ205 ಮಧ್ಯಮ ಪ್ಯಾಡಿಗೆ ನಾಲ್ಕು ಕಡಲೆ ಕಾಳಷ್ಟು ಹಾಕಿ, ಮೆಷಿನ್ ಆನ್ ಮಾಡುವ ಮೊದಲೇ ಪೇಂಟ್ ಮೇಲೆ ಹರಡಿ, ವೇಗ 4ರಲ್ಲಿ ಅಡ್ಡ ಒಂದು ಸಲ ಉದ್ದ ಒಂದು ಸಲ ಹಾಗೆ ನಾಲ್ಕು ಸುತ್ತು. ಕೈ ಎಷ್ಟು ನಿಧಾನ ಅಂದರೆ ಸೆಕೆಂಡಿಗೆ ಒಂದು ಇಂಚು. ಒರೆಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮತ್ತೊಮ್ಮೆ ಒರೆಸಿ ಟಾರ್ಚ್ ಹಿಡಿದೆ. ಈ ಎರಡನೇ ಒರೆಸುವುದು ಬಿಡಬೇಡಿ, ಪಾಲಿಶಿನ ಎಣ್ಣೆ ಗೀರನ್ನು ಮುಚ್ಚಿ ನಮ್ಮನ್ನು ನಂಬಿಸಿಬಿಡುತ್ತದೆ. ಸುತ್ತು ಗೀರು ಬಹುತೇಕ ಮಾಯ. ಟೇಪಿನ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಬೂದಿ ಬೆರೆಸಿದ ನೀಲಿ. ಉಗುರಿಗೆ ಸಿಗುವ ಎರಡು ಗೀರು ಉಳಿದಿವೆ, ಅವನ್ನು ಹಾಗೇ ಬಿಡುತ್ತೇನೆ. ಅವಕ್ಕಾಗಿ ಕ್ಲಿಯರ್ ಕೋಟ್ ಕಳೆದುಕೊಳ್ಳುವುದು ಲಾಭವಲ್ಲ. ಇನ್ನೂ ಜಾಸ್ತಿ ಸವೆಸುವ ಕಟಿಂಗ್ ಕಾಂಪೌಂಡ್ ತರುವ ಅಗತ್ಯವೇ ಬೀಳಲಿಲ್ಲ.

ಮೇ: ಮೇಲೆ ಏನು ಹಚ್ಚುವುದು

ಬಾನೆಟ್, ಟಾಪ್, ಬಲಗಡೆ ಎರಡು ಬಾಗಿಲು ಮುಗಿದಿವೆ. ಸೆರಾಮಿಕ್ ಕೋಟಿಂಗ್ ಯಾಕೆ ಹಾಕಲ್ಲ ಅಂತ ಎಲ್ಲರೂ ಕೇಳ್ತಾರೆ. 9ಎಚ್ ಅಂತ ಬಾಟಲಿ ಮೇಲೆ ಬರೆದಿರುವುದು ಪೆನ್ಸಿಲ್ ಗಡಸುತನದ ಅಳತೆ, ವಜ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಲ್ಲೇಟು ತಡೆಯಲ್ಲ, ಮರಳು ಬಟ್ಟೆಯಲ್ಲಿ ಒರೆಸಿದರೆ ಗೀರೂ ಬೀಳುತ್ತದೆ. ಕಲ್ಲೇಟಿಗೆ ಪಿಪಿಎಫ್, ಅಂದರೆ ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್ ಬೇಕು, ಅದು ಮನೆಯಲ್ಲಿ ಕಲಿಯುವ ಕೆಲಸವಲ್ಲ. ಸೆರಾಮಿಕ್ ನೀರು, ಕೊಳೆ ನಿಲ್ಲದ ಹಾಗೆ ನೋಡಿಕೊಳ್ಳುವುದು ನಿಜ, ಆದರೆ ಹಚ್ಚಿದ್ದು ಸರಿಯಾಗಿ ಒರೆಸದೆ ಗಟ್ಟಿಯಾದರೆ ತೆಗೆಯಲು ಮತ್ತೆ ಪಾಲಿಶೇ ಮಾಡಬೇಕು. ಧೂಳು ಹಾರುವ, ಸಂಜೆಯಾದರೆ ಮಳೆ ಬರುವ ಮೇ ತಿಂಗಳಲ್ಲಿ ತೆರೆದ ಬೇಸ್‌ಮೆಂಟ್ ಅದಕ್ಕೆ ಜಾಗ ಅಲ್ಲ.

ಕಾರ್ನುಬಾ ಮೇಣ ಕಡು ಬಣ್ಣಕ್ಕೆ ಬಹಳ ಚೆಂದ, ಆದರೆ ನಮ್ಮ ಬಿಸಿಲು ಮಳೆಗೆ ಬೇಗ ಕರಗುತ್ತದೆ. ನಾನು ಪಾಲಿಮರ್ ಸೀಲೆಂಟ್ ಹಚ್ಚಿದ್ದೇನೆ. ತೆಳ್ಳಗೆ ಹಚ್ಚಿ, ಮಬ್ಬಾದ ಮೇಲೆ ಒರೆಸಿದರೆ ಆಯಿತು, ಕೆಲವು ತಿಂಗಳು ಬರುತ್ತದೆ, ತಪ್ಪಿದರೂ ಪೇಂಟಿಗೆ ಏನೂ ಆಗಲ್ಲ. ಆಫೀಸಿನ ಹತ್ತಿರ ಹೊಂಗೆ ಮರದ ಕೆಳಗೆ ನಿಲ್ಲಿಸುವುದು ತಪ್ಪಲ್ಲ, ಈಗ ಹೂವು, ಹಕ್ಕಿ ಪಿಕ್ಕೆ ಎರಡೂ ಬೀಳುತ್ತಿವೆ. ಪಿಕ್ಕೆಯಲ್ಲಿ ಆಮ್ಲ ಇರುತ್ತದೆ, ಬಿಸಿಲಲ್ಲಿ ಒಂದು ದಿನ ಬಿಟ್ಟರೆ ಕ್ಲಿಯರ್ ಕೋಟಲ್ಲಿ ಅಚ್ಚು ಬೀಳುತ್ತದೆ. ಡಿಕ್ಕಿಯಲ್ಲಿ ಸಣ್ಣ ಸ್ಪ್ರೇ ಬಾಟಲಿ, ಎರಡು ಬಟ್ಟೆ ಇಟ್ಟುಕೊಂಡಿದ್ದೇನೆ, ನೆನೆಸಿ ಎತ್ತಿ ತೆಗೆಯುವುದು, ಉಜ್ಜುವುದಲ್ಲ.

ಇನ್ನು ಎಡಗಡೆ ಬಾಕಿ. ಮರು ಪೇಂಟ್ ಆದ ಬಾಗಿಲಿಗೆ ಫಿನಿಶಿಂಗ್ ಪ್ಯಾಡಿನಿಂದಲೇ ಟೆಸ್ಟ್ ಶುರು ಮಾಡುತ್ತೇನೆ. ಬಂಪರ್, ಕನ್ನಡಿ, ಬಾಗಿಲ ಹಿಡಿಯ ಸುತ್ತ 5 ಇಂಚಿನ ಪ್ಯಾಡ್ ಹೋಗಲ್ಲ, ಅಲ್ಲಿಗೆ 3 ಇಂಚಿನ ಸಣ್ಣ ಡಿಎ ಬೇಕು. ಅದನ್ನು ಕೊಳ್ಳದೆ ಬಾಡಿಗೆಗೆ ಕೊಡುವವರು ಜೆ.ಸಿ. ರಸ್ತೆ ಕಡೆ ಇದ್ದಾರಾ ಅಂತ ವಿಚಾರಿಸುತ್ತಿದ್ದೇನೆ, ಗೊತ್ತಿದ್ದವರು ಹೇಳಿ. ಸಿಗದಿದ್ದರೆ ಆ ಜಾಗವನ್ನೆಲ್ಲ ಸಣ್ಣ ಫೋಮ್ ಅಪ್ಲಿಕೇಟರ್ ಮತ್ತು ಎಂ205 ಹಿಡಿದು ಕೈಯಲ್ಲೇ ಮಾಡುವುದು, ಜೂನ್ ಮಳೆ ಹಿಡಿಯುವ ಮೊದಲು.