ಅಣ್ಣಿಗೇರಿಯ ಕಡ್ಲಿ ಹುಳಿ

ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿ ನೋಡಿದೆವು. ಕಲ್ಯಾಣ ಚಾಲುಕ್ಯರ ಕಂಬಗಳ ನುಣುಪು, ಆದಿಕವಿ ಪಂಪ ಹುಟ್ಟಿದ ನೆಲವೆಂಬ ಪುಳಕ, ಎಲ್ಲ ಸರಿ. ಆದರೆ ಮನಸ್ಸಿನಲ್ಲಿ ನಿಂತದ್ದು ಊರಾಚೆಯ ಎರೆಹೊಲ.

ಎಳ್ಳಮಾಸಿ ಹತ್ತಿರವಿತ್ತು. ಕಡಲೆ ಹೂವಾಗಿ ಅಲ್ಲಲ್ಲಿ ಕಾಯಿ ಕಟ್ಟಿತ್ತು. ಬೆಳಕು ಹರಿಯುವ ಹೊತ್ತಿಗೆ ಒಬ್ಬ ಅಜ್ಜಿ ಗಿಡಗಳ ಮೇಲೆ ರಾತ್ರಿಯೇ ಹಾಸಿದ್ದ ಹಳೆಯ ಧೋತರ ಎತ್ತಿ, ಗಾಜಿನ ಭರಣಿಗೆ ಹಿಂಡುತ್ತಿದ್ದರು.

"ಏನ್ರಿ ಅಜ್ಜಿ ಇದು?"

"ಕಡ್ಲಿ ಹುಳಿ. ನಾಲಿಗಿ ತುದಿಗಷ್ಟ ಹಚ್ಚಿ ನೋಡ್ರಿ."

ಹಚ್ಚಿದೆ. ಹಲ್ಲು ಚುಳ್ಳೆಂದವು. ಇಬ್ಬನಿಯ ನೀರಿಗೆ ಇಷ್ಟು ಹುಳಿ ಎಲ್ಲಿಂದ ಬಂತು?

ಜೇಬಿನಲ್ಲಿದ್ದ ಭೂತಗನ್ನಡಿ ತೆಗೆದು ಎಲೆಯ ಮೇಲೆ ಬಗ್ಗಿದೆ. ಎಲೆ, ಕಾಂಡ, ಕಾಯಿ ಎಲ್ಲೆಲ್ಲೂ ರೋಮ. ಕೆಲವು ಬರೀ ಚೂಪು. ಮಿಕ್ಕವು ಗುಂಡುಸೂಜಿಯಂತೆ ತಲೆಯುಳ್ಳವು, ಪ್ರತಿ ತಲೆಯ ಮೇಲೂ ಒಂದು ಹನಿ. ತೊಟ್ಟು ಒಂದರ ಮೇಲೊಂದು ಕೂತ ಜೀವಕೋಶಗಳ ಸಾಲು. ತಲೆ ಜೀವಕೋಶಗಳ ಗೊಂಚಲು. ಸ್ರವಿಸುವ ಕೆಲಸ ತಲೆಯದು. ಹನಿಯಲ್ಲಿ ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಅದರ ಪಿಎಚ್ (ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 1.3ರವರೆಗೂ ಇಳಿಯುವುದುಂಟು, ನಿಂಬೆರಸದ್ದು 2ರ ಆಸುಪಾಸು. ತುಳಸಿಯ ಎಣ್ಣೆಗ್ರಂಥಿಗಳು ಸರಕನ್ನು ತೆಳುಪೊರೆಯ ಕೆಳಗೆ ಕೂಡಿಟ್ಟುಕೊಂಡು, ನಾವು ಎಲೆ ಉಜ್ಜಿದಾಗ ಬಿಟ್ಟುಕೊಡುತ್ತವೆ. ಕಡಲೆ ಮಾತ್ರ ಎಲ್ಲವನ್ನೂ ಮೈಮೇಲೇ ಹೊತ್ತು ನಿಂತಿರುತ್ತದೆ. ಅದರ ಈ ಧಾರಾಳ ನನಗೆ ಬಹಳ ಹಿಡಿಸಿತು.

ಇದು ಯಾರಿಗಾಗಿ ಎಂದು ನಾನು ಹೇಳಹೊರಟರೆ ಅಜ್ಜಿಗೆ ಮೊದಲೇ ಗೊತ್ತಿತ್ತು. "ಮಳಿ ಬಂದ್ರ ಹುಳಿ ತೊಳದ ಹೋಗತೈತಿ. ಆಮ್ಯಾಲ ಹುಳದ್ದ ಕಾಟ."

ಅವರು ಹೇಳಿದ್ದು ಕಾಯಿಕೊರಕದ ಮಾತು. ಆಕ್ಸಾಲಿಕ್ ಆಮ್ಲ ತಿಂದ ಅದರ ಮರಿಹುಳು ಸರಿಯಾಗಿ ಬೆಳೆಯದು. ಆದರೂ ಹುಳ ಪೂರ್ತಿ ಸೋಲುವುದಿಲ್ಲ. ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಟ್ರೈಕೋಗ್ರಾಮಾ ಎಂಬ ಪುಟ್ಟ ಕಣಜಕ್ಕೂ ಈ ಹುಳಿ ಆಗಿಬರುವುದಿಲ್ಲ. ಬೇರೆ ಬೆಳೆಗಳಲ್ಲಿ ರೈತನ ಪರ ದುಡಿಯುವ ಈ ಕೀಟ ಕಡಲೆ ಹೊಲದಲ್ಲಿ ಹಿಂಜರಿಯುತ್ತದೆ. ಇದನ್ನು ಹೇಳಿದಾಗ ಅಜ್ಜಿ ಧೋತರ ಹಿಂಡುವುದನ್ನು ನಿಲ್ಲಿಸಿ, "ಹಂಗಾರ ಒಳ್ಳೇದೂ ಸುಡತೈತೇನ್ರಿ ಇದು?" ಅಂದರು. ಆಮೇಲೆ ಬಹಳ ಹೊತ್ತು ಅದನ್ನೇ ಮಾತಾಡಿದೆವು.

ಹೋಗುವವರಿಗೆ ಒಂದು ಮಾತು: ಚರ್ಮದ ಬೂಟು ಬೇಡ, ರಬ್ಬರ್ ಚಪ್ಪಲಿ ಸಾಕು. ಹೊಚ್ಚಹೊಸ ಬೂಟು ಬಣ್ಣ ಬಿಟ್ಟು ಬಿರಿದದ್ದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮತ್ತೆ, ಬಿಸಿಲೇರುವ ಮೊದಲೇ ಹೊಲದಲ್ಲಿರಿ.

ಒಂದು ಭರಣಿ ಹುಳಿ ಕೊಳ್ಳಲು ಕೇಳಿದೆ. "ಮಾರೂದಲ್ರಿ ಇದು. ಓಣ್ಯಾಗ ಯಾರಿಗರ ಹೊಟ್ಟಿ ನೋವಾದ್ರ ಕೊಡೂದು," ಅಂದು ಊಟಕ್ಕೆ ಕರೆದರು. ಬಿಸಿ ರೊಟ್ಟಿ, ಕಡ್ಲಿ ಸೊಪ್ಪಿನ ಪಲ್ಯ. ಹುಬ್ಬಳ್ಳಿಯ ಖಾನಾವಳಿಗಳಲ್ಲಿ ತಿಂದ ಈ ಪಲ್ಯ ನನಗೆ ಎಂದೂ ರುಚಿಸಿಲ್ಲ. ಸೊಪ್ಪನ್ನು ತೊಳೆದು ತೊಳೆದು ಸಪ್ಪೆ ಮಾಡಿರುತ್ತಾರೆ. ಅಜ್ಜಿ ಒಂದೇ ನೀರಿನಲ್ಲಿ ಅದ್ದಿ ತೆಗೆದಿದ್ದರು, ಹುಳಿ ಹಾಗೇ ಉಳಿದಿತ್ತು. ಎರಡು ಸಲ ಹಾಕಿಸಿಕೊಂಡೆ.