ಹತ್ತನೇ ಸಲಕ್ಕೆ ಜೀವ ಬಂತು

ನಿನ್ನೆ ರಾತ್ರಿ 'ಸಾ' ಹಾರರ್ ಸರಣಿಯ ಹತ್ತನೇ ಸಿನಿಮಾ 'ಸಾ ಎಕ್ಸ್' ಮತ್ತೆ ನೋಡಿದೆ. 2004ರಲ್ಲಿ ಶುರುವಾದ ಸರಣಿ ಇದು. ವರ್ಷಕ್ಕೊಂದರಂತೆ 2010ರ ತನಕ ಏಳು ಸಿನಿಮಾ ಬಂದವು, ಬರಬರುತ್ತಾ ಕಥೆ ಸೊರಗಿ ರಕ್ತ ಮಾತ್ರ ಜಾಸ್ತಿಯಾಯಿತು. 2017ರಲ್ಲಿ ಒಂದು, 2021ರಲ್ಲಿ ಇನ್ನೊಂದು ಬಂದರೂ ನನಗೆ ಎರಡೂ ಹಿಡಿಸಲಿಲ್ಲ. ಇನ್ನು ಮುಗೀತು ಅಂದುಕೊಂಡಿದ್ದೆ.

ಆದರೆ 2023ರ ಈ ಹತ್ತನೆಯದು ಬೇರೆಯೇ. ಜನರನ್ನು ಸಾವಿನ ಯಂತ್ರಗಳಲ್ಲಿ ಸಿಕ್ಕಿಸಿ ಪರೀಕ್ಷಿಸುವ ಮುಖ್ಯ ಪಾತ್ರ ಜಾನ್ ಕ್ರೇಮರ್ ಮೂರನೇ ಸಿನಿಮಾದಲ್ಲೇ ಸತ್ತಿದ್ದಾನೆ ಅಲ್ವಾ, ಅವನನ್ನು ಏನೋ ನೆಪ ಹೇಳಿ ಎಬ್ಬಿಸದೆ, ಕಥೆಯನ್ನೇ ಮೊದಲ ಮತ್ತು ಎರಡನೇ ಸಿನಿಮಾಗಳ ನಡುವಿನ ಕಾಲಕ್ಕೆ ಒಯ್ದರು. ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ನಂಬಿ ಮೆಕ್ಸಿಕೋಗೆ ಹೋಗುತ್ತಾನೆ, ಅಲ್ಲಿ ಮೋಸ ಹೋಗುತ್ತಾನೆ. ತನಗೆ ಆಪರೇಷನ್ನೇ ಆಗಿಲ್ಲ ಅಂತ ಗೊತ್ತಾಗುವ ಗಳಿಗೆಯಲ್ಲಿ ಕ್ರೇಮರ್ ಪಾತ್ರ ಮಾಡಿದ ಟೋಬಿನ್ ಬೆಲ್ ಮುಖ ನೋಡಬೇಕು! 80ರ ಆಸುಪಾಸಿನ ನಟ, ಇಷ್ಟು ವರ್ಷ ಹೆಚ್ಚಾಗಿ ದನಿಯಾಗಿ, ಫ್ಲ್ಯಾಶ್‌ಬ್ಯಾಕಾಗಿ ಉಳಿದಿದ್ದವರು, ಇಲ್ಲಿ ಪೂರ್ತಿ ಸಿನಿಮಾ ಹೊತ್ತಿದ್ದಾರೆ.

ನಿರ್ದೇಶಕ ಕೆವಿನ್ ಗ್ರೂಟರ್ಟ್ ಮೊದಲ ಸಿನಿಮಾದ ಎಡಿಟರ್. ಸರಣಿಯ ನಾಡಿ ಗೊತ್ತಿದ್ದವರ ಕೈಗೇ ಕೊಟ್ಟಿದ್ದು ಒಳ್ಳೆಯದಾಯಿತು. ಈ ಸಲ ಹೊಸ ಯಂತ್ರಗಳಿಗಿಂತ ಆ ಮನುಷ್ಯನ ಸಂಕಟವೇ ನನ್ನನ್ನು ಹಿಡಿದು ಕೂರಿಸಿತು. ಇವತ್ತು ರಾತ್ರಿ ಮೊದಲನೆಯದನ್ನು ಹಾಕಿಕೊಂಡು ಕೂರುತ್ತೇನೆ.