ಕಾರವಾರದ ಗಾಳಿಯಲ್ಲಿ ಒಂದು ಹಳೆಯ ನೈಟ್ರೋ ಕಾರು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗೋವಾದ ಹವ್ಯಾಸಿಯೊಬ್ಬರಿಂದ ಒಂದರ ಎಂಟನೆಯ ಅಳತೆಯ ನೈಟ್ರೋ ಬಗ್ಗಿ ಕಾರೊಂದನ್ನು ಕೊಂಡು ಕಾರವಾರದ ಮನೆಗೆ ತಂದೆ. ರಿಮೋಟಿನಿಂದ ಓಡುವ ಈ ಕಾರಿನ 3.5 ಸಿಸಿ ಎಂಜಿನ್ ನಾಲ್ಕೈದು ಟ್ಯಾಂಕ್ ಇಂಧನವನ್ನಷ್ಟೇ ಕಂಡಿದೆ ಎಂದು ಮಾರಿದವರು ಹೇಳಿದ್ದರು. ಅದು ನಿಜವೇ ಇದ್ದೀತು. ಆದರೆ ಓಡಿಸಿದ ಮೇಲೆ ಎಂಜಿನ್ನಿಗೆ ಎಣ್ಣೆ ಬಿಡದೆ ಎರಡು ಮಳೆಗಾಲ ಹಾಗೆಯೇ ಇಟ್ಟಿದ್ದರಿಂದ, ಸ್ಟಾರ್ಟರ್ ಹಗ್ಗ ಒಂದಿಂಚೂ ಹೊರಗೆ ಬರಲಿಲ್ಲ.

ಅಂಥ ಹೊತ್ತಿನಲ್ಲಿ ಹಗ್ಗವನ್ನು ಜೋರಾಗಿ ಎಳೆಯಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಎಳೆದರೆ ಹಗ್ಗ ತುಂಡಾಗುತ್ತದೆ, ಇಲ್ಲವೇ ಕನೆಕ್ಟಿಂಗ್ ರಾಡ್ ಕೆಡುತ್ತದೆ. ನಾನು ಕಾರನ್ನು ಹಾಗೆಯೇ ಕಟ್ಟಿಕೊಂಡು ಶಿರಸಿಯ ಹತ್ತಿರದ ಸೋದರಮಾವನ ಮನೆಗೆ ಹೋದೆ. ಅಡಿಕೆ ತೋಟದ ವೀಡ್ ಕಟರನ್ನೂ ಔಷಧಿ ಹೊಡೆಯುವ ಪಂಪನ್ನೂ ತಾವೇ ಬಿಚ್ಚಿ ಕೂಡಿಸಿ ರೂಢಿಯಿರುವ ಮಾವನಿಗೆ ಟೂ-ಸ್ಟ್ರೋಕ್ ಎಂಜಿನ್ ಹೊಸತಲ್ಲ. ಆದರೂ ಇದನ್ನು ತಿರುಗಿಸಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ತಮಾ, ಇದರ ಪ್ಲಗ್ಗಿಗೆ ಕರೆಂಟ್ ಎಲ್ಲಿಂದ ಬತ್ತು?" ಎಂಬುದು.

ನೈಟ್ರೋ ಎಂಜಿನ್ನನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ವೀಡ್ ಕಟರಿನಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಇಲ್ಲಿ ಕಿಡಿಯೇ ಇಲ್ಲ. ಗ್ಲೋ ಪ್ಲಗ್ಗಿನೊಳಗೆ ಪ್ಲಾಟಿನಮ್ ಬೆರೆತ ಸಣ್ಣ ತಂತಿಸುರುಳಿಯೊಂದಿದೆ. ಚಾಲು ಮಾಡುವಾಗ ಮಾತ್ರ ಸುಮಾರು ಒಂದೂವರೆ ವೋಲ್ಟಿನ ಇಗ್ನೈಟರನ್ನು ತಲೆಗೆ ಸಿಕ್ಕಿಸಿ ಅದನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಹತ್ತಿಕೊಂಡ ಮೇಲೆ ಇಗ್ನೈಟರ್ ತೆಗೆದರೂ, ಇಂಧನದಲ್ಲಿರುವ ಮೆಥನಾಲಿನ ಆವಿ ಪ್ಲಾಟಿನಮ್ಮಿಗೆ ತಾಗಿ ಹುಟ್ಟುವ ಶಾಖ ಮತ್ತು ಒತ್ತಡದ ಶಾಖ ಸೇರಿ ಸುರುಳಿಯನ್ನು ಆರದಂತೆ ಕಾಯುತ್ತವೆ. ಆದ್ದರಿಂದ ಇದಕ್ಕೆ ಪೆಟ್ರೋಲ್ ನಡೆಯುವುದಿಲ್ಲ. ಇಂಧನವೆಂದರೆ ಮೆಥನಾಲ್, ಅದಕ್ಕೆ ಬೆರೆಸಿದ ನೈಟ್ರೋಮೀಥೇನ್ ಮತ್ತು ಎಣ್ಣೆ. ನಾನು ಬಳಸುವುದರಲ್ಲಿ ನೈಟ್ರೋ ಪ್ರಮಾಣ ಶೇಕಡಾ 20.

ಇದೇ ಮೆಥನಾಲ್ ನಮ್ಮ ಕರಾವಳಿಯವರಿಗೆ ದೊಡ್ಡ ತಲೆನೋವು. ಅದು ಗಾಳಿಯ ತೇವವನ್ನು ಹೀರುತ್ತದೆ, ಮತ್ತು ಕಾರವಾರದ ಗಾಳಿಯಲ್ಲಿ ತೇವಕ್ಕೂ ಉಪ್ಪಿಗೂ ಬರವಿಲ್ಲ. ಎಂಜಿನ್ನಿನಲ್ಲಿ ಉಳಿದ ಇಂಧನ ನೀರು ಹೀರಿ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ, ಅದರಲ್ಲಿದ್ದ ಹರಳೆಣ್ಣೆ ಒಣಗಿ ಅಂಟಾಗಿ ಪಿಸ್ಟನ್ನನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ಕಾರಿಗೆ ಎರಡೂ ಆಗಿದ್ದವು. ಮಾವ ಗ್ಲೋ ಪ್ಲಗ್ ಬಿಚ್ಚಿ, ಆ ತೂತಿನಿಂದ ತೆಳುವಾದ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು, ಒಂದು ರಾತ್ರಿ ಇಟ್ಟರು. ಬೆಳಿಗ್ಗೆ ಕೂದಲು ಒಣಗಿಸುವ ಡ್ರೈಯರಿನಿಂದ ಎಂಜಿನ್ನಿನ ತಲೆಯನ್ನು ಬಿಸಿ ಮಾಡಿ, ಎಂಜಿನ್ನಿನ ಜೊತೆಗೇ ತಿರುಗುವ ಗಾಲಿಯಾದ ಫ್ಲೈವೀಲನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸಿದಾಗ, ಕಂದು ಬಣ್ಣದ ಅಂಟು ತೂತಿನಿಂದ ಹೊರಗೆ ಬಂದು, ಪಿಸ್ಟನ್ ಮೆಲ್ಲಗೆ ಸಡಿಲವಾಯಿತು. ಹಿಂದಿನ ಬೇರಿಂಗ್ ಮಾತ್ರ ತಿರುಗುವಾಗ ಮರಳು ಅರೆದಂತೆ ಸದ್ದು ಮಾಡುತ್ತಿತ್ತು. ಅದನ್ನು ಹೊಸತು ಹಾಕಬೇಕಾಯಿತು.

ಹಳೆಯ ಎಂಜಿನ್ ಕೊಳ್ಳುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಈ ಎಂಜಿನ್ನುಗಳ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಪಿಸ್ಟನ್ ಚಲಿಸುವ ಸ್ಲೀವ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಬಿಸಿಯಾದಾಗ ಹಿಗ್ಗಿ ಪಿಸ್ಟನ್ನಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಆದುದರಿಂದ ತಣ್ಣಗಿರುವ ಎಂಜಿನ್ನಿನ ಫ್ಲೈವೀಲನ್ನು ಕೈಯಿಂದ ತಿರುಗಿಸಿದಾಗ ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗಿ ಕಚ್ಚಿದರೆ ಅದು ಆರೋಗ್ಯದ ಲಕ್ಷಣ. ಎಲ್ಲಿಯೂ ತಡೆಯದೆ ಸರಾಗವಾಗಿ ಸುತ್ತಿದರೆ ಅಂಥ ಎಂಜಿನ್ ಸವೆದಿದೆ, ಹೊರಗೆ ಎಷ್ಟು ಹೊಳೆಯುತ್ತಿದ್ದರೂ ಬಿಟ್ಟುಬಿಡುವುದು ಲೇಸು.

ಎಂಜಿನ್ ಸರಿಯಾಯಿತೆಂದು ಕೂಡಲೇ ಓಡಿಸುವಂತಿಲ್ಲ. ಕಾರಿನೊಳಗೆ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಬ್ಯಾಟರಿ ಡಬ್ಬಿಯ ತಂತಿಗಳಿಗೆ ಹಸಿರು ಕಿಲುಬು ಹಿಡಿದಿತ್ತು; ಪೂರ್ತಿ ಬದಲಿಸಿದೆ. ಮೊದಲು ರಿಮೋಟ್, ಆಮೇಲೆ ಕಾರು ಆನ್ ಮಾಡಬೇಕು. ಆಫ್ ಮಾಡುವಾಗ ಇದರ ಉಲ್ಟಾ. ಎಂಜಿನ್ ಚಾಲು ಇಲ್ಲದಿರುವಾಗಲೇ, ಕಾರನ್ನು ಎತ್ತಿಟ್ಟು, ರಿಮೋಟನ್ನು ಬೇಕೆಂದೇ ಆಫ್ ಮಾಡಿ ನೋಡಬೇಕು. ಸಿಗ್ನಲ್ ತಪ್ಪಿದಾಗ, ವೇಗವನ್ನೂ ಬ್ರೇಕನ್ನೂ ಆಡಿಸುವ ಸಣ್ಣ ಮೋಟಾರು, ಅಂದರೆ ಸರ್ವೊ, ತಾನಾಗಿ ಬ್ರೇಕಿಗೆ ಹೋಗದಿದ್ದರೆ ಆ ಕಾರನ್ನು ನೆಲಕ್ಕಿಳಿಸಬಾರದು, ಏಕೆಂದರೆ ಮೂರು ಕಿಲೋಗಿಂತ ಹೆಚ್ಚು ತೂಗುವ ವಸ್ತುವೊಂದು ಹಿಡಿತ ತಪ್ಪಿ ಓಡಿದರೆ ಮಗುವೊಂದರ ಕಾಲು ಮುರಿಯುವುದಕ್ಕೆ ಅಷ್ಟು ಸಾಕು. ಇಂಧನದ ವಿಷಯದಲ್ಲಿಯೂ ಇದೇ ಕಾಳಜಿ ಬೇಕು. ಅದು ನೋಡಲು ಬಣ್ಣದ ಶರಬತ್ತಿನಂತಿದೆ, ಆದರೆ ಮೆಥನಾಲ್ ವಿಷ. ಹತ್ತಿಕೊಂಡರೆ ಅದರ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ನಾನು ಡಬ್ಬಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತೇನೆ.

ಮೊದಲ ಬಾರಿ ಚಾಲು ಮಾಡಿದ್ದು ಮಾವನ ಮನೆಯ ಹಿಂದಿನ ಖಾಲಿ ಬೇಣದಲ್ಲಿ, ಡಿಸೆಂಬರಿನ ಒಂದು ಬೆಳಿಗ್ಗೆ. ಕಾರ್ಬ್ಯುರೇಟರಿನಲ್ಲಿ ಮುಖ್ಯವಾಗಿ ಎರಡು ಸೂಜಿಗಳಿವೆ, ಒಂದು ಹೆಚ್ಚಿನ ವೇಗಕ್ಕೆ, ಇನ್ನೊಂದು ಕಡಿಮೆ ವೇಗಕ್ಕೆ. ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಇಂಧನ ಕಡಿಮೆಯಾದರೆ ಕಾರು ಒಂದೆರಡು ನಿಮಿಷ ಬಹಳ ಚೆನ್ನಾಗಿ ಓಡುತ್ತದೆ, ಅನಂತರ ಕಾದು ಹೋಗುತ್ತದೆ. ಎಣ್ಣೆಯೂ ಇಂಧನದ ಜೊತೆಗೇ ಬರುವುದರಿಂದ ಇಂಧನ ಕಡಿಮೆ ಎಂದರೆ ಎಣ್ಣೆಯೂ ಕಡಿಮೆ ಎಂದೇ ಅರ್ಥ. ಹೀಗಾಗಿ ಹಿಂದಿನಿಂದ ನೀಲಿ ಹೊಗೆಯ ಗೆರೆ ಸ್ಪಷ್ಟವಾಗಿ ಕಾಣುವಷ್ಟು ಇಂಧನ ಬಿಟ್ಟು, ಗಡಿಯಾರದ ಒಂದು ಗಂಟೆಯ ಅಂತರದಷ್ಟೇ ಸೂಜಿಯನ್ನು ಒಮ್ಮೆಗೆ ತಿರುಗಿಸುತ್ತಾ ಹೋದೆವು. ಮಾವ ಪ್ರತಿ ಸುತ್ತು ಮುಗಿದ ಮೇಲೆ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡುತ್ತಿದ್ದರು: ಬಿದ್ದ ಕ್ಷಣವೇ ಚುರ್ರೆಂದು ಹಾರಿದರೆ ಅತಿ ಬಿಸಿ, ಮೂರು ನಾಲ್ಕು ಸೆಕೆಂಡ್ ಕುದಿದು ಆರಿದರೆ ಸರಿ.

ಶಿರಸಿಯಲ್ಲಿ ಸರಿಹೊಂದಿಸಿದ ಸೂಜಿ ಕಾರವಾರಕ್ಕೆ ಬಂದ ಮೇಲೆ ಮತ್ತೆ ಬದಲಾಗಬೇಕಾಯಿತು. ಘಟ್ಟದ ಮೇಲೆ ಗಾಳಿ ತೆಳುವು, ಆದರೆ ಬೆಳಗಿನ ಚಳಿ ಅದನ್ನು ದಟ್ಟವಾಗಿಸುತ್ತದೆ. ಇಲ್ಲಿ ಸಮುದ್ರಮಟ್ಟದ ಗಾಳಿ ದಟ್ಟವಾಗಿದ್ದರೂ ಸೆಕೆ ಮತ್ತು ತೇವ ಅದರ ಆಮ್ಲಜನಕವನ್ನು ತಗ್ಗಿಸುತ್ತವೆ. ಲೆಕ್ಕ ಹಾಕಿ ಮುಗಿಸುವ ಕೆಲಸ ಇದಲ್ಲ, ಪ್ರತಿ ಸಲವೂ ಸದ್ದು ಕೇಳಿ, ಹೊಗೆ ನೋಡಿ ತಿದ್ದಬೇಕು. ಕಡಲತೀರದಲ್ಲಿ ಓಡಿಸಿ ಎಂದು ಸ್ನೇಹಿತರು ಬಹಳ ಒತ್ತಾಯಿಸಿದರು; ನಾನು ಒಪ್ಪಲಿಲ್ಲ. ಫಿಲ್ಟರ್ ದಾಟಿದ ಒಂದು ಚಿಟಿಕೆ ಮರಳು ಸ್ಲೀವನ್ನು ಗೀರಿಹಾಕುತ್ತದೆ, ಉಪ್ಪು ಸ್ಕ್ರೂಗಳನ್ನು ತಿನ್ನುತ್ತದೆ.

ಈಗ ಓಡಿಸಿದ ಪ್ರತಿ ದಿನವೂ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಉಳಿದ ಇಂಧನವನ್ನು ಎಂಜಿನ್ನಿನಲ್ಲಿಯೇ ಉರಿಸಿ ಮುಗಿಸಿ, ಬಿಸಿ ಆರುವ ಮೊದಲೇ ಪ್ಲಗ್ ಬಿಚ್ಚಿ ನಾಲ್ಕೈದು ಹನಿ ಎಣ್ಣೆ ಬಿಡುತ್ತೇನೆ. ಪಿಸ್ಟನ್ ಕೆಳತುದಿಯಲ್ಲಿ ನಿಂತರೆ ಕಿರಿದಾದ ಭಾಗದಲ್ಲಿ ಕಚ್ಚಿಕೊಳ್ಳುವುದಿಲ್ಲ. ಅದು ಕೆಳಗಿದೆಯೆಂದು ಹೊರಗಿನಿಂದಲೇ ತಿಳಿಯಲೆಂದು ಮಾವ ಫ್ಲೈವೀಲಿನ ಅಂಚಿಗೆ ಬಿಳಿ ಪೇಂಟಿನ ಒಂದು ಚುಕ್ಕೆ ಇಟ್ಟುಕೊಟ್ಟಿದ್ದಾರೆ. ಕಾರನ್ನು ಕಪಾಟಿನಲ್ಲಿಡುವ ಮೊದಲು ಆ ಚುಕ್ಕೆಯನ್ನು ನೇರ ಮೇಲಕ್ಕೆ ತಂದು ನಿಲ್ಲಿಸುತ್ತೇನೆ.